ಒಬ್ಬ ಮೇಷ್ಟ್ರು, ಎರಡು ಸಹಿ

ಹೊನ್ನಕೆರೆಯ ನೀರಗಂಟಿ ಹುಚ್ಚಯ್ಯ, ಹುಚ್ಚಯ್ಯನ ಮಗ ಹನುಮಯ್ಯ, ಹನುಮಯ್ಯನ ಮಗ ಮರಿಯಪ್ಪ, ಮರಿಯಪ್ಪನ ಮಗ ಇಂದುಶೇಖರ. ನಾನು ಹೇಳಬೇಕೆಂದಿರುವುದು ಈ ನಾಲ್ಕನೆಯವರ ಸಂಗತಿ. ಆದರೆ ಮೊದಲ ಮೂವರಿಗೆ ಕೈಮುಗಿಯದೆ ಅವರ ಹತ್ತಿರ ಹೋಗುವ ಹಾಗಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ನೀರಗಂಟಿ ಅಂದರೆ ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಹಂಚುವವನು. ಹುಚ್ಚಯ್ಯನ ಕಾಲದಲ್ಲಿ ಒಂದು ವರ್ಷ ಕೆರೆ ಏರಿಯ ತಲೆಮಟ್ಟ ತುಂಬಿತು. ತೂಬಿನ ಬಿರಡೆ ಒಳಗೇ ಕಚ್ಚಿಕೊಂಡಿತು. ಊರವರು ಗಂಟುಮೂಟೆ ಕಟ್ಟಿ ದಿಬ್ಬ ಹತ್ತಿದರು. ಹುಚ್ಚಯ್ಯ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ನೀರಿಗಿಳಿದ. ಮೂರನೆಯ ಸಲ ಮುಳುಗಿದಾಗ ಬಿರಡೆ ಕಿತ್ತುಬಂತು. ಅವನು ಮೇಲೆದ್ದಾಗ ಎಡಗೈಯಲ್ಲಿ ಎರಡು ಬೆರಳು ಇರಲಿಲ್ಲ, ಏರಿ ಮಾತ್ರ ಇತ್ತು.

ಹನುಮಯ್ಯನ ಕಾಲಕ್ಕೆ ಪಟೇಲ ತನ್ನ ಕಬ್ಬಿಗೆ ಸರದಿ ತಪ್ಪಿಸಿ ನೀರು ಬಿಡೆಂದು ಆಳು ಕಳಿಸಿದ. ಹನುಮಯ್ಯ ತೂಬಿನ ಕಲ್ಲಿನ ಮೇಲೆ ಹೋಗಿ ಕೂತವನು ಮೂರು ದಿನ ಏಳಲಿಲ್ಲ. ಒಬ್ಬನು ಕೂರುವಷ್ಟೇ ಜಾಗವಿರುವ ಕಲ್ಲು ಅದು. ಹೆಂಡತಿ ಮುದ್ದೆ ತಂದರೆ ಏರಿಯ ಮೇಲಿಂದಲೇ ಚಾಚಿ ಕೊಡಬೇಕಾಗಿತ್ತು.

ಮರಿಯಪ್ಪ ಊರ ಶಾಲೆಯ ಜವಾನನಾದ. ಗಂಟೆ ಹೊಡೆಯುತ್ತ, ಕಿಟಕಿಯಾಚೆ ನಿಂತು ಅಕ್ಷರ ಕಲಿತ. ಹರಿಕಥೆಯಲ್ಲಿ ಕೇಳಿದ ಶಿವನ ಹೆಸರನ್ನು ಮಗನಿಗೆ ಇಟ್ಟ. ಹೆಡ್‌ಮಾಸ್ತರು ದಾಖಲಾತಿ ಪುಸ್ತಕದಲ್ಲಿ ಬರೀ ‘ಇಂದುಶೇಖರ’ ಎಂದು ಬರೆದು ಪೆನ್ನು ಮುಚ್ಚಿದಾಗ, ಬದುಕಿನಲ್ಲಿ ಒಂದೇ ಸಲ ಎದುರುಮಾತಾಡಿದ.

“ಸ್ವಾಮಿ, ಮುಂದೆ ಎಚ್ಚು, ಎಮ್ಮು ಹಾಕಿ. ಎಚ್ಚು ಅಂದ್ರೆ ಹೊನ್ನಕೆರೆ. ಎಮ್ಮು ಅಂದ್ರೆ ನಾನು. ನನ್ನ ಮಗನ್ನ ಯಾರೇ ಕರೆಯಲಿ, ಮೊದಲು ಕೆರೆಗೆ ಕೈಮುಗಿದು, ನನ್ನನ್ನ ದಾಟಿ, ಆಮೇಲೆ ಅವನ ಹತ್ರ ಬರಬೇಕು.”

ಹೀಗೆ ಆದವರು ಎಚ್.ಎಂ. ಇಂದುಶೇಖರ. ಅಂಥ ಮೂವರ ಬೆನ್ನಿಗೆ ಬಂದ ಈ ಮೇಷ್ಟ್ರು, ಕಾಲೇಜಿನ ಆಫೀಸಿನಿಂದ ಫೋನ್ ಬಂತೆಂದರೆ ಕೈಯಲ್ಲಿದ್ದ ಚಹಾ ಅಂಗಿಯ ಮೇಲೆ ಚೆಲ್ಲಿಕೊಳ್ಳುತ್ತಿದ್ದರು.

ಅವರ ಹೆಂಡತಿ ವಸಂತಮ್ಮ ಕೆಲಸ ಮಾಡುವ ಕೇಂದ್ರ ಸರ್ಕಾರದ ಕಚೇರಿಯಲ್ಲಿ ನಾನು ಸಾಹೇಬರ ಕಾರು ಓಡಿಸಿ ನಿವೃತ್ತನಾದವನು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಉಳಿದದ್ದನ್ನು ಸಾಹೇಬರು ಮೀಟಿಂಗಿನಿಂದ ಹೊರಬರುವ ತನಕ ಸ್ಟಿಯರಿಂಗಿನ ಮೇಲೆ ಪುಸ್ತಕ ಒರಗಿಸಿಕೊಂಡು ಓದಿ ಕಲಿತೆ. ನನ್ನ ಹತ್ತಿರ ಒಂದು ಸರ್ಟಿಫಿಕೇಟೂ ಇಲ್ಲ. ಇಲ್ಲದ್ದು ಎಂಥ ನೆಮ್ಮದಿ ಎಂದು ಗೊತ್ತಾದದ್ದು ಮೇಷ್ಟ್ರನ್ನು ನೋಡಿದ ಮೇಲೆ.

ಮೇಷ್ಟ್ರು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿದವರು. ವಸಂತಮ್ಮನಿಗೆ ದೆಹಲಿಯಲ್ಲಿ ಕೆಲಸವಾದ್ದರಿಂದ ಎರಡು ಸಾವಿರದ ಮೂರರಲ್ಲಿ ಬಂದರು. ಕ್ವಾರ್ಟರ್ಸ್ ಸಿಗುವ ತನಕ ಎಂದು ಹಿಡಿದ ಲಕ್ಷ್ಮೀ ನಗರದ ಬಾಡಿಗೆ ಮನೆಯೇ ಕಾಯಂ ಆಯಿತು. ಕೆಳಗೆ ಕೋಚಿಂಗಿನ ಹುಡುಗರ ಗದ್ದಲ, ಮೇಲೆ ಇವರು. ಕಾಲೇಜು ಗಾಜಿಯಾಬಾದ್ ದಾಟಿ ಹಾಪುಡದ ರಸ್ತೆಯಲ್ಲಿ, ಒಬ್ಬ ಸೇಠರದು. ಬೆಳಿಗ್ಗೆ ಏಳಕ್ಕೆ ಮುಖ್ಯರಸ್ತೆಯಲ್ಲಿ ಕಾಲೇಜಿನ ಹಳದಿ ಬಸ್ಸು ಹತ್ತಿದರೆ ಸಂಜೆ ಆರಕ್ಕೆ ವಾಪಸ್ಸು.

ಅವರ ಪಾಠವನ್ನು ನಾನು ಕೇಳಿದ್ದು ಅಡುಗೆಮನೆಯಲ್ಲಿ. ಇಡ್ಲಿ ಪಾತ್ರೆಯ ಮುಚ್ಚಳ ಯಾಕೆ ಕುಣಿಯುತ್ತದೆ ಎಂದು ಒಮ್ಮೆ ಹೇಳಿಕೊಟ್ಟರು. ಆಮೇಲೆ ನನಗೆ ಕಾರಿನ ಎಂಜಿನ್ನೇ ಬೇರೆ ಥರ ಕಾಣಿಸತೊಡಗಿತು. ಇಂಥವರು ಇಪ್ಪತ್ತೆರಡು ವರ್ಷ ಒಂದೇ ಕಾಲೇಜಿನಲ್ಲಿ ಯಾಕೆ ಕೊಳೆಯುತ್ತಾರೆ? ಮೂರು ಕಡೆಯಿಂದ ಕರೆ ಬಂದದ್ದು ನನಗೆ ಗೊತ್ತು. ಮೂರನ್ನೂ ಬಿಟ್ಟರು. “ಬಸ್ಸು ಗಲ್ಲಿ ಬಾಯಿಗೇ ಬರುತ್ತೆ ಯಜಮಾನ್ರೇ,” ಎನ್ನುತ್ತಿದ್ದರು. ಇನ್ನೊಮ್ಮೆ, “ಮಕ್ಕಳು ಹಚ್ಚಿಕೊಂಡಿದ್ದಾರೆ.” ಜನ ಅವರನ್ನು ಗೂಟಕ್ಕೆ ಕಟ್ಟಿದ ಎತ್ತು ಎಂದರು. ನಾನೂ ಅಂದಿದ್ದೇನೆ.

ಗೂಟ ಯಾವುದೆಂದು ತಿಳಿದದ್ದು ಹೋದ ಜುಲೈ ತಿಂಗಳ ಒಂದು ಭಾನುವಾರ. ಊಟಕ್ಕೆ ಕರೆದಿದ್ದರು. ಹೋದರೆ ಒಲೆಯೇ ಹತ್ತಿರಲಿಲ್ಲ. ವಸಂತಮ್ಮ ಗೋಡೆಗೆ ಒರಗಿ ಕೂತಿದ್ದಾರೆ, ಕಣ್ಣು ಊದಿಕೊಂಡಿವೆ. ಮೇಷ್ಟ್ರು ಕನ್ನಡಿಯ ಮುಂದೆ ನಿಂತು ಮೂಗಿನ ಕೆಳಗೆ ಅಂಗೈ ಅಡ್ಡ ಹಿಡಿದು ಮೀಸೆ ಮುಚ್ಚಿಕೊಂಡು ನೋಡುತ್ತಿದ್ದಾರೆ.

“ಇವರು ಮೀಸೆ ತೆಗೆಸ್ತಾರಂತೆ,” ಎಂದರು ವಸಂತಮ್ಮ. “ಮಾವನವರು ಹೋದಾಗ ತೆಗೆಸಿದ್ದು ಬಿಟ್ಟರೆ ಈ ಮೀಸೆಗೆ ಕತ್ತಿ ತಾಗಿಲ್ಲ. ಈಗ ಯಾರು ಸತ್ತಿದ್ದಾರೆ ಅಂತ ಕೇಳಿ ಯಜಮಾನ್ರೇ, ನೀವೇ ಕೇಳಿ!”

ನಮ್ಮ ಕಡೆ ಅಪ್ಪನೋ ಅಮ್ಮನೋ ತೀರಿಕೊಂಡಾಗ ಮಗ ಮೀಸೆ ತೆಗೆಸುತ್ತಾನೆ. ಸುಮ್ಮಸುಮ್ಮನೆ ತೆಗೆಸಿದರೆ ಮನೆಗೆ ಕೇಡು ಕರೆದ ಹಾಗೆ. ಮೇಷ್ಟ್ರು ಬಾಗಿಲ ಚಿಲಕ ಹಾಕಿದರು. ಕಿಟಕಿಯನ್ನೂ ಮುಚ್ಚಿದರು. ಆಮೇಲೆ, ಹದಿನಾಲ್ಕು ವರ್ಷದಿಂದ ಹೆಂಡತಿಗೂ ಹೇಳದೆ ನುಂಗಿಕೊಂಡಿದ್ದನ್ನು ಕಕ್ಕಿದರು.

ಎಲ್ಲ ಶುರುವಾದದ್ದು ಆ ಎಚ್ಚು ಎಮ್ಮಿನಿಂದ. ಕೆಲಸಕ್ಕೆ ಸೇರಿದ ದಿನವೇ ಆಫೀಸಿನವರು ಕೇಳಿದರಂತೆ, “ಸರ್‌ನೇಮ್ ಏನು?” ಇವರು ಇಲ್ಲ ಎಂದರು. ಈ ಊರಿನಲ್ಲಿ ಸರ್‌ನೇಮ್ ಇಲ್ಲದ ಮನುಷ್ಯ ಅಂದರೆ ನಂಬರ್ ಪ್ಲೇಟ್ ಇಲ್ಲದ ಗಾಡಿ. “ಈ ಎಚ್.ಎಂ. ಅಂದರೆ ಹೆಡ್ ಮಾಸ್ಟರಾ?” ಎಂದು ನಕ್ಕರು. ಅಂದಿನಿಂದ ಇಡೀ ಕಾಲೇಜಿಗೆ ಅವರು ‘ಹೆಡ್ ಮಾಸ್ಟರ್ ಸಾಬ್’. ಓಟಿನ ಚೀಟಿ ಮಾಡುವವನು ಹೆಸರನ್ನು ನಡುವೆ ಕತ್ತರಿಸಿ ‘ಇಂದು ಹೊನ್ನಕೆರೆ’ ಎಂದು ಬರೆದ. ಪ್ಯಾನ್ ಕಾರ್ಡಿನ ಅಂಗಡಿಯವನು ‘ಶೇಖರ್ ಮರಿಯಪ್ಪ’ ಮಾಡಿದ. ಇಂದುಶೇಖರ ಅಂದರೆ ತಲೆಯ ಮೇಲೆ ಚಂದ್ರನನ್ನು ಇಟ್ಟುಕೊಂಡವನು. ದೆಹಲಿ ಚಂದ್ರನನ್ನು ಒಂದು ಚೀಟಿಗೆ, ತಲೆಯನ್ನು ಇನ್ನೊಂದು ಚೀಟಿಗೆ ಹಾಕಿತು. ಮೇಷ್ಟ್ರು ಸಂಕೋಚದವರು, ತಿದ್ದಿಸಲಿಲ್ಲ.

ಎರಡು ಸಾವಿರದ ಹನ್ನೊಂದರಲ್ಲಿ ಗಣಿತದ ಮೇಷ್ಟ್ರು ಕೆಲಸ ಬಿಟ್ಟರು. ಅವರ ಪಾಠವನ್ನೂ ಇವರೇ ಮಾಡಿದರು. ಗಣಿತ ವಿಭಾಗದ ಗುಮಾಸ್ತ ತನ್ನ ಕಡತಕ್ಕೆ ಪ್ಯಾನ್ ಕಾರ್ಡಿನ ನಕಲು ಹಾಕಿಕೊಂಡ. ಭೌತಶಾಸ್ತ್ರದ ಕಡತದಲ್ಲಿ ಮೊದಲೇ ಓಟಿನ ಚೀಟಿ ಇತ್ತು. ಆ ಸಲ ಕಾಲೇಜುಗಳಿಗೆ ಮಾನ್ಯತೆ ಕೊಡುವ ಮಂಡಳಿಯವರು ತಪಾಸಣೆಗೆ ಬಂದರು. ಇಷ್ಟು ಮಕ್ಕಳಿಗೆ ಇಷ್ಟು ಮೇಷ್ಟ್ರು ಇರಬೇಕೆಂಬ ಲೆಕ್ಕ ಅವರದು. ಎಣಿಸಿದರು. ಗಣಿತಕ್ಕೆ ಶೇಖರ್ ಮರಿಯಪ್ಪ, ಭೌತಶಾಸ್ತ್ರಕ್ಕೆ ಇಂದು ಹೊನ್ನಕೆರೆ. ಇಬ್ಬರು.

“ಇಂದು ಮೇಡಂ ಎಲ್ಲಿ?” ಎಂದು ಒಬ್ಬರು ಕೇಳಿದರು. ಈ ಕಡೆ ಇಂದು ಅಂದರೆ ಹೆಂಗಸಿನ ಹೆಸರು.

ಮೇಷ್ಟ್ರು ಅಲ್ಲೇ ನಿಂತಿದ್ದರು. ನಾನೇ ಎನ್ನಲು ಬಾಯಿ ತೆರೆದರು. ರಿಜಿಸ್ಟ್ರಾರ್ ಚಂದ್ರಮೋಹನ್ ಮುಖವನ್ನು ಕೊಂಚವೂ ಅಲುಗಿಸದೆ, “ಹೆರಿಗೆ ರಜೆಯಲ್ಲಿದ್ದಾರೆ ಸರ್,” ಎಂದುಬಿಟ್ಟ.

ಮೇಷ್ಟ್ರು ಇದನ್ನು ಹೇಳುವಾಗ ವಸಂತಮ್ಮನಿಗೆ ಅಳುವಿನ ನಡುವೆಯೇ ನಗು ಬಂತು. “ನನಗೆ ಒಂದು ಮಾತು ಹೇಳಿದ್ರೆ ಬಾಣಂತಿ ಖಾರನಾದ್ರೂ ಕುಟ್ಟಿ ಕೊಡ್ತಿದ್ದೆ ಕಣ್ರೀ!” ಎಂದರು. ಮೇಷ್ಟ್ರು ನಗಲಿಲ್ಲ.

ಮಾರನೆಯ ದಿನ ಚಂದ್ರಮೋಹನ್ ಎರಡು ಹಾಜರಿ ಪುಸ್ತಕ ಮುಂದಿಟ್ಟ. “ಇಲ್ಲೊಂದು, ಅಲ್ಲೊಂದು, ಹೆಡ್ ಮಾಸ್ಟರ್ ಸಾಬ್. ಈ ವರ್ಷ ಮಾತ್ರ. ಇಲ್ಲದಿದ್ದರೆ ಮಕ್ಕಳ ಸೀಟು ಹೋಗುತ್ತದೆ.” ಮಕ್ಕಳ ಹೆಸರು ಹೇಳಿದ್ದರಿಂದ ಮೇಷ್ಟ್ರು ಸಹಿ ಹಾಕಿದರು. ಒಂದು ಪುಸ್ತಕದಲ್ಲಿ ಬಲಕ್ಕೆ ವಾಲಿಸಿ, ಇನ್ನೊಂದರಲ್ಲಿ ನೆಟ್ಟಗೆ. ಸಂಬಳ ಒಂದೇ. ಮಾರನೆಯ ವರ್ಷವೂ ಪುಸ್ತಕ ಎರಡಾಗಿಯೇ ಇದ್ದವು.

ಮೊದಲ ಸಲ ಬೇರೆ ಕಡೆಯಿಂದ ಕರೆ ಬಂದಾಗ, ಬಿಡುಗಡೆ ಪತ್ರ ಮತ್ತು ಅನುಭವ ಪತ್ರ ಕೊಡಿ ಎಂದು ಹೋಗಿ ಕೇಳಿದರು. ಚಂದ್ರಮೋಹನ್ ಎದ್ದು ನಿಂತು, ಕುರ್ಚಿ ಎಳೆದು ಕೂರಿಸಿ, ಚಹಾ ತರಿಸಿದ. “ಅಚ್ಛಾ, ಯಾರ ಹೆಸರಿಗೆ ಕೊಡಲಿ ಸಾಬ್? ಇಂದು ಮೇಡಂಗೋ, ಶೇಖರ್ ಜೀಗೋ? ಇಬ್ಬರೂ ಒಂದೇ ದಿನ ಬಿಟ್ಟರೆ ಮಂಡಳಿಯವರು ಕೇಳುತ್ತಾರೆ. ಕೇಳಿದರೆ ಪುಸ್ತಕ ತೋರಿಸಬೇಕು. ಪುಸ್ತಕದಲ್ಲಿ ನನ್ನ ಸಹಿ ಇಲ್ಲ.” ಅಷ್ಟೇ. ದನಿ ಏರಿಸಲಿಲ್ಲ, ಗದರಲಿಲ್ಲ. ಮೇಷ್ಟ್ರು ಚಹಾ ಅರ್ಧಕ್ಕೇ ಬಿಟ್ಟು ಎದ್ದು ಬಂದರು. ಆಮೇಲೆ ಬಂದ ಎರಡು ಕರೆಗಳಿಗೆ ಅವರು ಕೇಳಲೂ ಹೋಗಲಿಲ್ಲ.

ಇಷ್ಟು ವರ್ಷ ಅವರು ಬಾಳಿದ್ದು ಹಾಗೆ. ಗೇಟಿನಲ್ಲಿ ಗೊತ್ತಿಲ್ಲದ ಕಾರು ನಿಂತರೆ ಎದೆಯಲ್ಲಿ ಅವಲಕ್ಕಿ ಕುಟ್ಟುವುದು. ತರಗತಿಯಲ್ಲಿ ಯಾರಾದರೂ ಇಣುಕಿದರೆ ಬೋರ್ಡಿನ ಮೇಲೆ ಬರೆಯುತ್ತಿದ್ದ ಸೂತ್ರ ಅರ್ಧಕ್ಕೇ ನಿಲ್ಲುವುದು. ಯಾರಾದರೂ ಹಿಂದಿನಿಂದ ‘ಇಂದು ಜೀ’ ಎಂದು ಕೂಗಿದರೆ ತಿರುಗಬೇಕೋ ಬೇಡವೋ ಎಂದು ಹೆಜ್ಜೆ ತೊಡರುವುದು. ಕನಸಿನಲ್ಲಿ ಅಪ್ಪ ಮರಿಯಪ್ಪ ಶಾಲೆಯ ಗಂಟೆ ಹೊಡೆದು ಹಾಜರಿ ಕರೆಯುತ್ತಾನಂತೆ. ಇವರು ಎಷ್ಟು ಕೂಗಿದರೂ ದನಿ ಹೊರಡದಂತೆ.

ಈಗ ಬಂದದ್ದು ಮುಖ ನೋಡುವ ಯಂತ್ರ. ಆಗಸ್ಟಿನಿಂದ ಮೇಷ್ಟ್ರುಗಳು ಯಂತ್ರಕ್ಕೆ ಮುಖ ತೋರಿಸಿ ಹಾಜರಿ ಹಾಕಬೇಕೆಂದು ಮಂಡಳಿಯ ಆಜ್ಞೆ. ಶುಕ್ರವಾರ ಮುಖ ದಾಖಲಿಸಿಕೊಳ್ಳಲು ಮೇಷ್ಟ್ರನ್ನು ಅದರ ಮುಂದೆ ನಿಲ್ಲಿಸಿದರು. ಶೇಖರ್ ಮರಿಯಪ್ಪ ಎಂದು ಒತ್ತಿದರೆ ಹಸಿರು ದೀಪ ಹತ್ತಿತು. ಇಂದು ಹೊನ್ನಕೆರೆ ಎಂದು ಒತ್ತಿದರೆ ಕೆಂಪು ದೀಪ. ‘ಈ ಮುಖ ಈಗಾಗಲೇ ದಾಖಲಾಗಿದೆ.’

“ಯಂತ್ರ ನನ್ನನ್ನ ಗುರುತು ಹಿಡಿದುಬಿಡ್ತು ಯಜಮಾನ್ರೇ,” ಎಂದರು ಮೇಷ್ಟ್ರು. ನನ್ನ ಮಂಡಿ ಹಿಡಿದುಕೊಂಡಿದ್ದರು. “ಮನುಷ್ಯರು ಯಾರೂ ಹಿಡೀಲಿಲ್ಲ. ಅದು ಒಂದೇ ನೋಟಕ್ಕೆ ಹಿಡೀತು.”

ಚಂದ್ರಮೋಹನ್ ಅದಕ್ಕೂ ದಾರಿ ಹುಡುಕಿದ್ದ. “ಸೋಮವಾರ ಕನ್ನಡಕ ತೆಗೆದು, ಮೀಸೆ ಬೋಳಿಸಿ ಬನ್ನಿ. ಮೀಸೆ ಇರುವ ಮುಖ ಶೇಖರ್ ಜೀದು, ಇಲ್ಲದ್ದು ಇಂದು ಮೇಡಂದು. ಒಮ್ಮೆ ದಾಖಲಾದರೆ ಸಾಕು, ಮಿಕ್ಕಿದ್ದು ನನಗೆ ಬಿಡಿ. ಬರದಿದ್ದರೆ ಮಂಡಳಿಗೆ ನಾನೇ ಬರೆಯಬೇಕಾಗುತ್ತದೆ, ಒಬ್ಬ ಮೇಷ್ಟ್ರು ಹದಿನಾಲ್ಕು ವರ್ಷ ನಮಗೆ ಮೋಸ ಮಾಡಿದ ಎಂದು.”

ಅದೇ ವಾರ ನಾಲ್ಕನೆಯ ಕರೆಯೂ ಬಂದಿತ್ತು. ಮೇಷ್ಟ್ರ ಮೊದಲ ವರ್ಷದ ಶಿಷ್ಯೆ ಹಂಸಿನಿ, ಆರ್.ಕೆ.ಪುರಂನಲ್ಲಿ ಬೆಳೆದ ಕನ್ನಡದ ಹುಡುಗಿ, ಈಗ ಸೋನಿಪತ್ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ವಿಭಾಗದ ಮುಖ್ಯಸ್ಥೆ. ಸಂಜೆ ಮನೆಗೇ ಬಂದು ಮಾತಾಡುತ್ತೇನೆ ಎಂದಿದ್ದಳು.

ಮಧ್ಯಾಹ್ನ ಮೇಷ್ಟ್ರು ಚಪ್ಪಲಿ ಮೆಟ್ಟಿದರು. ಒಬ್ಬರನ್ನೇ ಬಿಡಬೇಡಿ ಎಂದು ವಸಂತಮ್ಮ ಕಣ್ಸನ್ನೆ ಮಾಡಿದ್ದರಿಂದ ನಾನೂ ಹಿಂದೆ ಹೋದೆ. ಗಲ್ಲಿಯ ತುದಿಯಲ್ಲಿ ಕ್ಷೌರದಂಗಡಿ. ಮೇಷ್ಟ್ರು ಕುರ್ಚಿಯಲ್ಲಿ ಕೂತು, “ಭಯ್ಯಾ, ಮೀಸೆ,” ಎಂದರು.

“ಟ್ರಿಮ್ಮಾ, ಮಾಸ್ಟರ್ ಜೀ?”

“ಪೂರ್ತಿ.”

ಅವನು ನೊರೆ ಹಚ್ಚಿದ. ಹೊಸ ಬ್ಲೇಡು ಮುರಿದು ಕತ್ತಿಗೆ ಸಿಕ್ಕಿಸಿದ. ಆಮೇಲೆ ಕೈ ತಡೆದು, ಕನ್ನಡಿಯಲ್ಲಿ ಮೇಷ್ಟ್ರ ಮುಖ ನೋಡಿ, ದನಿ ತಗ್ಗಿಸಿ ಕೇಳಿದ. “ಮನೇಲಿ ಯಾರು ಹೋದರು, ಮಾಸ್ಟರ್ ಜೀ?”

ಈ ಕಡೆಯವರಿಗೂ ಆ ಪದ್ಧತಿ ಉಂಟು. ಕನ್ನಡಿಯಲ್ಲಿ ಮೇಷ್ಟ್ರ ಕಣ್ಣು ದೊಡ್ಡದಾಗುತ್ತ ಹೋಯಿತು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಅವರ ಉಸಿರು ಕೇಳಿಸುತ್ತಿತ್ತು. ಹಣೆಯ ಬೆವರು ಹರಿದು ನೊರೆಗೆ ಇಳಿಯುತ್ತಿತ್ತು. ಕತ್ತಿ ಮೂಗಿನ ಹತ್ತಿರ ಬಂದಾಗ ಅವನ ಮುಂಗೈ ಹಿಡಿದುಕೊಂಡರು.

“ಯಾರೂ ಹೋಗಿಲ್ಲ,” ಎಂದರು. “ಇಬ್ಬರೂ ಇದ್ದೀವಿ. ಬಿಡು ಭಯ್ಯಾ.”

ಅವನಿಗೆ ಏನು ಅರ್ಥವಾಯಿತೋ, ನನಗಂತೂ ಮೈ ಜುಮ್ಮೆಂದಿತು. ಮೇಷ್ಟ್ರು ನೊರೆ ಒರೆಸಿಕೊಂಡು ಎದ್ದರು. ಅಂಗಡಿಯಿಂದ ಮನೆಗೆ ನೂರು ಹೆಜ್ಜೆ. ಆ ನೂರು ಹೆಜ್ಜೆಯಲ್ಲಿ ನಾಲ್ಕು ಸಲ ನಿಂತು ಕಂಬ ಹಿಡಿದುಕೊಂಡರು.

ಹಂಸಿನಿ ಐದಕ್ಕೆ ಬಂದಳು, ಕೈಯಲ್ಲಿ ಮಿಠಾಯಿಯ ಡಬ್ಬಿ. ಕಾಲಿಗೆ ಬಗ್ಗಿದವಳು ಮೇಷ್ಟ್ರ ಮುಖ ನೋಡಿ ಹಾಗೆಯೇ ನಿಂತಳು. ಕಿವಿಯ ಹತ್ತಿರ ಸೋಪಿನ ನೊರೆ ಇನ್ನೂ ಇತ್ತು. ಮೇಷ್ಟ್ರು ಅವಳಿಗೂ ಎಲ್ಲವನ್ನೂ ಹೇಳಿದರು. ಎರಡನೆಯ ಸಲ ಹೇಳುವಾಗ ದನಿ ಸ್ವಲ್ಪ ಗಟ್ಟಿಯಾಗಿತ್ತು.

“ಸರ್, ಇದು ತುಂಬಾ ಸಿಂಪಲ್,” ಎಂದಳು ಹಂಸಿನಿ. ಅವಳ ಕನ್ನಡ ದೆಹಲಿಯ ಟ್ರಾಫಿಕ್ಕಿನ ಹಾಗೆ, ಎಲ್ಲ ಗಾಡಿಗಳೂ ಓಡುತ್ತವೆ. “ನನ್ನ ಮಾವ ವಕೀಲರು. ಕಲ್ ಹೀ, ನಾಳೆಯೇ ನೋಟಿಸ್ ಕಳಿಸೋಣ. ಒಂದು ಪುಸ್ತಕದ ಸೈನ್ ಮಾತ್ರ ನಿಮ್ಮದು, ಇನ್ನೊಂದು ಅವರೇ ಹಾಕ್ಕೊಂಡಿದ್ದು ಅಂತ ಹೇಳಿ. ನೆಟ್ಟಗಿರೋದು ನಿಮ್ಮದಲ್ಲ. ಬಸ್, ಅಷ್ಟೇ. ಕಾಲೇಜು ಹೆದರಿ ರಿಲೀವಿಂಗ್ ಲೆಟರ್ ಕೊಡುತ್ತೆ. ನೀವು ನಮ್ಮಲ್ಲಿಗೆ ಬಂದುಬಿಡಿ.”

ವಸಂತಮ್ಮನ ಮುಖಕ್ಕೆ ಜೀವ ಬಂತು. “ಹೂಂ ಅನ್ನಿ ರೀ,” ಎಂದರು.

“ನೆಟ್ಟಗಿರೋದೂ ನನ್ನದೇ ಕಣಮ್ಮ,” ಎಂದರು ಮೇಷ್ಟ್ರು.

“ಗೊತ್ತು ಸರ್. ಆದರೆ ನಿಮ್ಮದು ಅಂತ ಬರೆದುಕೊಟ್ಟರೆ ನಮ್ಮ ಯೂನಿವರ್ಸಿಟಿ ನಿಮ್ಮನ್ನ ತಗೊಳ್ಳೋಕೆ ಆಗಲ್ಲ. ಅಲ್ಲೂ ಇರಲ್ಲ, ಇಲ್ಲೂ ಇರಲ್ಲ. ಕೇಸ್ ಆಗಬಹುದು. ಪ್ಲೀಸ್ ಸರ್.”

ಕೆಳಗೆ ಕೋಚಿಂಗಿನ ಹುಡುಗರು ಮೊಮೊ ಗಾಡಿಯ ಮುಂದೆ ಜಗಳವಾಡುತ್ತಿದ್ದರು. ಮೇಷ್ಟ್ರು ಬಿಳಿ ಹಾಳೆಗಳನ್ನು ತೆಗೆದು, ಊಟದ ಮೇಜಿನ ಮೇಲೆಯೇ ಬರೆಯಲು ಕೂತರು. ಮಂಡಳಿಗೆ ಒಂದು, ಪ್ರಿನ್ಸಿಪಾಲರಿಗೆ ಒಂದು. ಎರಡು ಹೆಸರಿನ ಮೇಷ್ಟ್ರು ಒಬ್ಬನೇ, ಎರಡೂ ಸಹಿ ತನ್ನವೇ, ಪುಸ್ತಕವನ್ನು ಎದುರಿಗಿಟ್ಟವರು ಯಾರು, ಯಾವ ವರ್ಷದಿಂದ. ಬರೆಯುವಾಗ ಅಕ್ಷರಗಳು ಎಷ್ಟು ಅಲುಗಿದವೆಂದರೆ ಮೊದಲ ಹಾಳೆ ಹರಿದು ಮತ್ತೊಂದು ತೆಗೆಯಬೇಕಾಯಿತು. ಕೊನೆಗೆ ಇಂಗ್ಲಿಷಿನಲ್ಲಲ್ಲ, ಕನ್ನಡದಲ್ಲಿ, ಶಾಲೆಯ ಹುಡುಗನ ಹಾಗೆ ಬಿಡಿಸಿ ಬಿಡಿಸಿ ಸಹಿ ಮಾಡಿದರು: ಹೊನ್ನಕೆರೆ ಮರಿಯಪ್ಪ ಇಂದುಶೇಖರ.

ಹಂಸಿನಿ ಕಣ್ಣೊರೆಸಿಕೊಂಡಳು. “ಮಾವನನ್ನಾದರೂ ನಾಳೆ ನಿಮ್ಮ ಜೊತೆ ಕಳಿಸ್ತೀನಿ ಸರ್. ಒಬ್ಬರೇ ಹೋಗಬೇಡಿ, ಅವರು ನಿಮ್ಮನ್ನ ಹೆದರಿಸ್ತಾರೆ.”

ನಾನೂ ಹೇಳಿದೆ. “ಮೇಷ್ಟ್ರೇ, ಅಳಿಯನ ಕಾರಿದೆ, ನಾನು ಓಡಿಸ್ತೀನಿ. ನಿಮ್ಮ ಪಕ್ಕ ಬಾಯಿ ಮುಚ್ಚಿಕೊಂಡು ನಿಲ್ತೀನಿ. ಅಷ್ಟಕ್ಕಾದರೂ ಬಿಡಿ.”

ಮೇಷ್ಟ್ರು ಎರಡೂ ಹಾಳೆ ಮಡಿಸಿ ಜೇಬಿಗಿಟ್ಟುಕೊಂಡರು.

“ಬೇಡಮ್ಮ ಹಂಸಿನಿ. ಬೇಡಿ ಯಜಮಾನ್ರೇ. ಹೆದರಿಕೆ ಆಗುತ್ತೆ, ನಿಜ. ಆದ್ರೆ ನಾನು ನಾಳೆ ಹೋಗ್ತಿರೋದು ನಾನು ಒಬ್ಬನೇ ಅಂತ ಹೇಳೋಕೆ. ಪಕ್ಕದಲ್ಲಿ ನಿಮ್ಮನ್ನ ನಿಲ್ಲಿಸಿಕೊಂಡ್ರೆ ಆ ಚಂದ್ರಮೋಹನ್ ಅಲ್ಲೂ ಇಬ್ಬರು ಅಂತ ಎಣಿಸಿಬಿಡ್ತಾನೆ.”